ಅತ್ತಿಗೆ ಕಿವಿಯೋಲೆ ತೆಗೆದದ್ದು

ನನ್ನ ಅಕ್ಷರ ಚೆನ್ನಾಗಿಲ್ಲ. ಎಷ್ಟು ಹುಷಾರಾಗಿ ಬರೆದರೂ ಸಾಲು ಬಲಗಡೆಗೆ ಹೋಗುತ್ತಾ ಹೋಗುತ್ತಾ ಕೆಳಕ್ಕೆ ಇಳಿಯುತ್ತದೆ. ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ಪದಗಳೂ ಕಡಿಮೆ. ಓದುವವರು ಸ್ವಲ್ಪ ಹೊಂದಿಸಿಕೊಂಡು ಓದಬೇಕು. ನಮ್ಮ ಮಗು ಹೋಗುವ ಶಿಶುವಿಹಾರದ ಟೀಚರು ಮನೆಯವರಿಂದ ಬರೆಸಿ ಒಂದು ಕೈಬರಹದ ಪುಸ್ತಕ ಮಾಡುತ್ತಿದ್ದಾರೆ. "ನಿಮ್ಮ ಮನೇಲಿ ಮಗುನ ಮಲಗಿಸೋರ ಬಗ್ಗೆ ಬರ್ಕೊಡಿ, ಒಬ್ಬರ ಪಾಡು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತೆ" ಎಂದರು. ಒಂದು ತಿಂಗಳ ಹಿಂದೆ ಕೇಳಿದ್ದರೆ ನನ್ನ ಬಗ್ಗೆಯೇ ಬರೆದುಬಿಡುತ್ತಿದ್ದೆ. ಈಗ ಅತ್ತಿಗೆಯ ಬಗ್ಗೆ ಬರೆಯಬೇಕಾಗಿದೆ. ಬರೆಯಲೇ ಎಂದು ಅವರನ್ನು ಕೇಳಿದೆ. "ಬರಿ. ಆದ್ರೆ ಸುಮ್ನೆ ಹೊಗಳ್ಬೇಡ" ಎಂದರು. ಆ ಭಯ ಅವರಿಗೆ ಬೇಡ.

ಮನೆಯಲ್ಲಿ ನಾವು ನಾಲ್ಕು ಜನ. ಅಣ್ಣ ಬಾಡಿಗೆ ಟೆಂಪೋ ಓಡಿಸುತ್ತಾನೆ. ಜನ ಮನೆ ಬದಲಾಯಿಸುವಾಗ ಅವರ ಮಂಚ, ಕಪಾಟು, ಪಾತ್ರೆಪಗಡೆ ಸಾಗಿಸುವುದು ಅವನ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ನಾನು ಬೆಳೆದದ್ದು ಅವನ ಹತ್ತಿರವೇ. ಅತ್ತಿಗೆ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಅವರ ಮಗಳಿಗೆ ಈಗ ಮೂರೂವರೆ ವರ್ಷ. ನಿಂತಲ್ಲಿ ನಿಲ್ಲದೆ ಸುತ್ತುತ್ತಾಳೆಂದು ಅಣ್ಣ ಅವಳನ್ನು ಬುಗುರಿ ಎಂದ, ಆ ಹೆಸರೇ ಅಂಟಿಕೊಂಡಿತು. ನಾನು ಬುಗುರಿಯ ಅತ್ತೆ.

ಅತ್ತಿಗೆಯ ಲಾಂಡ್ರಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಯಂಥದ್ದಲ್ಲ. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಹೊದಿಕೆಗಳೆಲ್ಲ ಲಾರಿಯಲ್ಲಿ ಬರುತ್ತವೆ. ಅವರು ಮರೆತ ಬೀಗದ ಕೈ ಕೊಡಲು ನಾನೊಮ್ಮೆ ಅಲ್ಲಿಗೆ ಹೋಗಿದ್ದೆ. ಮನೆಯಷ್ಟು ಉದ್ದದ ಕಬ್ಬಿಣದ ಉರುಳೆ ಒಲೆಯ ಹಾಗೆ ಕಾದು ತಿರುಗುತ್ತಿರುತ್ತದೆ. ಈ ಕಡೆಯಿಂದ ಒದ್ದೆ ಹೊದಿಕೆಯ ಅಂಚು ಕೊಟ್ಟರೆ ಆ ಕಡೆಯಿಂದ ಒಣಗಿ, ಇಸ್ತ್ರಿಯಾಗಿ ಬರುತ್ತದೆ. ಅದನ್ನು ಇಬ್ಬರು ಹೆಂಗಸರು ಎರಡೆರಡು ಮೂಲೆ ಹಿಡಿದು, ಒಮ್ಮೆ ಜಗ್ಗಿ, ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮಡಿಸುತ್ತಾರೆ. ಅತ್ತಿಗೆ ಹದಿನೇಳನೆಯ ವಯಸ್ಸಿಗೆ ಅಲ್ಲಿ ಸೇರಿದವರು. ಅವರ ಬೆರಳ ತುದಿಗಳು ಕಾದು ಕಾದು ಗಟ್ಟಿಯಾಗಿವೆ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಾರೆ, ಆದರೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾರೆ. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಅವರು ಬಂದರೆ ಮನೆಯಲ್ಲಿ ಇನ್ನೆರಡು ದೀಪ ಹಾಕಿದ ಹಾಗೆ ಎಂದು ಅಣ್ಣ ಹೇಳುತ್ತಾನೆ. ನಾನು ಇಡೀ ದಿನ ಮನೆಯಲ್ಲಿದ್ದರೂ ನನ್ನನ್ನು ಯಾರೂ ದೀಪ ಎಂದಿಲ್ಲ.

ಬುಗುರಿ ಕೂಸಾಗಿದ್ದಾಗ ಅತ್ತಿಗೆಯ ರಜೆ ಮುಗಿಯಿತು. ಅದೇ ಸುಮಾರಿಗೆ ನನ್ನ ಶಾಲೆಯೂ ಮುಗಿದಿತ್ತು. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದಾಗ ನನ್ನ ಗಂಟಲು ಕಟ್ಟುತ್ತಿತ್ತು. ಉತ್ತರ ಗೊತ್ತಿದ್ದರೂ ಕಟ್ಟುತ್ತಿತ್ತು. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಹೀಗೆ ಮಗುವನ್ನು ಮಲಗಿಸುವ ಕೆಲಸ ನನ್ನದಾಯಿತು. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ಸಂಜೆ ಕೈಕಾಲು ತೊಳೆಸಿ, ಉಣಿಸಿ, ಬಾಯಿ ಒರೆಸಿ, ಹಾಸಿಗೆ ಹಾಸಿ, ದೀಪ ಆರಿಸಿ ಪಕ್ಕದಲ್ಲಿ ಮಲಗಿ ಕಥೆ ಹೇಳುತ್ತಿದ್ದೆ. ಕಥೆ ನನ್ನದೇ. ಒಂದು ಆಮೆ ಮನೆ ಬದಲಾಯಿಸಲು ಹೊರಡುತ್ತದೆ, ಎಷ್ಟು ದೂರ ಹೋದರೂ ಅದೇ ಮನೆ ಬೆನ್ನ ಮೇಲೇ ಇರುತ್ತದೆ. ಒಂದು ಪದವೂ ಅತ್ತಿತ್ತ ಆಗದ ಹಾಗೆ ದಿನವೂ ಹೇಳುತ್ತಿದ್ದೆ. ಬುಗುರಿ ಕಥೆ ಕೇಳುತ್ತಾ ಕೈ ಚಾಚಿ ನನ್ನ ಕಿವಿಯ ಹಾಲೆಯನ್ನು ರೇಡಿಯೋ ಗುಂಡಿಯ ಹಾಗೆ ತಿರುಗಿಸುತ್ತಿರುತ್ತಿದ್ದಳು. ಆಮೆ ಸೇತುವೆ ದಾಟುವ ಹೊತ್ತಿಗೆ ಅವಳ ಕೈ ಸಡಿಲವಾಗುತ್ತಿತ್ತು. ಕಥೆ ಚೆನ್ನಾಗಿದ್ದದ್ದಕ್ಕೇ ಅವಳು ಮಲಗುತ್ತಿದ್ದಳು ಎಂದು ನಾನು ನಂಬಿದ್ದೆ. ಮನೆಯವರೂ ಹಾಗೇ ನಂಬಿದ್ದರು.

ಅತ್ತಿಗೆ ಬರುವುದು ಎಂಟೂವರೆಗೆ. ಆ ಹೊತ್ತಿಗೆ ಬುಗುರಿಗೆ ಒಂದು ನಿದ್ದೆ ಆಗಿರುತ್ತಿತ್ತು. ಅತ್ತಿಗೆ ಚಪ್ಪಲಿ ಬಿಡುತ್ತಲೇ, "ಬುಗುರಿ ಮಲಗಿದ್ಲಾ?" ಎನ್ನುವರು. ಕೇಳುವುದು ನನ್ನನ್ನು, ಆದರೆ ಧ್ವನಿ ನನಗೆ ಬೇಕಾದ್ದಕ್ಕಿಂತ ದೊಡ್ಡದಿರುತ್ತಿತ್ತು. ಆಮೇಲೆ ಬೀಗದ ಕೈ ಬೀಳುವುದು. ಆಮೇಲೆ, "ಹೊದಿಕೆ ಸರಿದಿದೆ ನೋಡು, ಕಾಲು ಮುಚ್ಚಿ ಬರ್ತೀನಿ" ಎಂದು ಒಳಗೆ ಹೋಗುವರು. ಹೊದಿಕೆಯನ್ನು ನಾನೇ ಮುಚ್ಚಿರುತ್ತಿದ್ದೆ, ಅದು ಸರಿದಿರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಅಯ್ಯೋ, ಎಚ್ಚರ ಆಗೋಯ್ತಾ ಕಂದಾ" ಎಂದು ಕೇಳುತ್ತಿತ್ತು, ಅದರ ಹಿಂದೆಯೇ ಬುಗುರಿಯ ನಗು.

ಆ ನಗು ಕೇಳಿದರೆ ನಾನು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ಇಡುತ್ತಿದ್ದೆ. ಶಿಶುವಿಹಾರದಿಂದ ಅವಳನ್ನು ಕೈಹಿಡಿದು ಕರೆತರುವವಳು ನಾನು. "ಇವತ್ತು ಏನು ಆಡಿದೆ?" ಎಂದು ದಾರಿಯುದ್ದಕ್ಕೂ ಕೇಳಿದರೂ, "ಏನಿಲ್ಲ" ಎನ್ನುತ್ತಿದ್ದಳು. ಅದೇ ರಾತ್ರಿ ಅಮ್ಮನ ಮುಂದೆ ಯಾರು ಯಾರನ್ನು ಕಚ್ಚಿದರು, ಯಾರ ಚಡ್ಡಿ ಒದ್ದೆಯಾಯಿತು, ಎಲ್ಲ ಸುದ್ದಿಯ ಮೂಟೆ ಬಿಚ್ಚುತ್ತಿದ್ದಳು. ನನಗೆ ಅವಳ ನಿದ್ದೆ, ಅತ್ತಿಗೆಗೆ ಅವಳ ಮಾತು. ಪಾತ್ರೆ ತಿಕ್ಕುತ್ತಾ ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ. ಅಮ್ಮ ಮಗಳ ಆಟ ಮುಗಿದು ಬುಗುರಿ ಮತ್ತೆ ಕಣ್ಣುಜ್ಜುವಾಗ ಅತ್ತಿಗೆಗೂ ನಿದ್ದೆ ಎಳೆಯುತ್ತಿತ್ತು. ಆಗ ಮಗು ಎದ್ದು ತನ್ನ ತಲೆದಿಂಬು ಎಳೆದುಕೊಂಡು ನನ್ನ ಹತ್ತಿರ ಬರುತ್ತಿತ್ತು. ಅತ್ತಿಗೆ ಅವಳ ಬೆನ್ನನ್ನು ಹೇಗೆ ನೋಡುತ್ತಿದ್ದರು ಎಂದು ನಾನು ಬಲ್ಲೆ. ನಾನು ಅವರ ನಗುವನ್ನು ಕೇಳುತ್ತಿದ್ದದ್ದೂ ಹಾಗೇ.

ಹೀಗೇ ನಡೆಯುತ್ತಿರಲು ಟೀಚರು ನನ್ನನ್ನು ನಿಲ್ಲಿಸಿ ಕೇಳಿದರು, "ಬುಗುರಿ ನಿನ್ನೆ ಮರಳಿನ ಗುಂಡಿಯಲ್ಲೇ ಮಲಗಿಬಿಟ್ಟಳು, ಕೈಯಲ್ಲಿ ಚಮಚ ಹಿಡ್ಕೊಂಡೇ. ಮನೇಲಿ ಎಷ್ಟು ಸಲ ಎಬ್ಬಿಸ್ತೀರಮ್ಮಾ ಇವಳನ್ನ?"

ನಾನು ಮನೆಗೆ ಬಂದು ಅದನ್ನು ಹಾಗೆಯೇ ಹೇಳಿದೆ. ಒಂದು ಪದ ಸೇರಿಸಲಿಲ್ಲ, ಬಿಡಲಿಲ್ಲ. 'ಎಬ್ಬಿಸ್ತೀರಮ್ಮಾ' ಎನ್ನುವ ಪದವನ್ನು ಮಾತ್ರ ನಿಧಾನವಾಗಿ ಹೇಳಿದೆ.

"ಸಂಜೆಗೇ ಮಲಗಿಸೋರು ಯಾರು? ನಾನು ಬರೋ ಹೊತ್ತಿಗೆ ಅವಳಿಗೆ ಅರ್ಧ ರಾತ್ರಿ ಆಗಿರುತ್ತೆ" ಎಂದರು ಅತ್ತಿಗೆ.

"ಅವಳಿಗೆ ನಿದ್ದೆ ಬರುತ್ತೆ ಅತ್ತಿಗೆ, ನಾನೇನು ಮಾಡ್ಲಿ?"

"ಬರುತ್ತೋ, ಬರಿಸ್ತೀಯೋ?"

ಅಣ್ಣ ತಟ್ಟೆಯಿಂದ ತಲೆಯೆತ್ತದೆ, "ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನನ್ನ ಬುಗುರಿ" ಎಂದ.

"ಯಾರ್ರೀ ಕೋಣ?" ಎಂದು ಅತ್ತಿಗೆ ಅವನ ಕಡೆ ತಿರುಗಿದರು. ಅಣ್ಣ ಉಳಿದ ಊಟವನ್ನು ಬೇಗ ಮುಗಿಸಿದ. ಅತ್ತಿಗೆ ನಗಲಿಲ್ಲ. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು, "ಊರೋರೆಲ್ಲ ಮಲಗೋ ಹೊದಿಕೆ ನಾನು ಇಸ್ತ್ರಿ ಮಾಡ್ತೀನಿ ಕಣೇ. ನನ್ನ ಮಗಳು ಒಂದಿನಾನೂ ನನ್ನ ಪಕ್ಕದಲ್ಲಿ ನಿದ್ದೆ ಹೋಗಿಲ್ಲ. ಎಬ್ಬಿಸದೇ ಇದ್ರೆ ಅವಳು ನನಗೆ ಸಿಗೋದು ಯಾವಾಗ?"

ನಾನು ಅಣ್ಣನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮರುದಿನದಿಂದ ಹೊಸ ಏರ್ಪಾಡು. ಅತ್ತಿಗೆ ಬರುವವರೆಗೆ ನಾನು ಮಗುವನ್ನು ಎಚ್ಚರವಾಗಿ ಇಟ್ಟಿರಬೇಕು, ಮಲಗಿಸುವುದು ಅವರು. ಏಳು ಗಂಟೆಯ ಮೇಲೆ ಬುಗುರಿಯನ್ನು ಎಚ್ಚರವಾಗಿಡುವುದೆಂದರೆ ಸೋರುವ ಕೊಡ ಹೊತ್ತ ಹಾಗೆ. ಕೂರಿಸಿದರೆ ಅತ್ತಳು, ನಿಲ್ಲಿಸಿದರೆ ಅತ್ತಳು, ಹಾಲಿನ ಲೋಟ ಎಸೆದಳು. ಅತ್ತಿಗೆ ಬಂದು ಮುಖ ತೊಳೆದು ಪಕ್ಕದಲ್ಲಿ ಮಲಗಿದರು. ನಾನು ಅಡುಗೆಮನೆಯಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದೆ. ಅತ್ತಿಗೆ ಆಮೆಯ ಕಥೆಯನ್ನೇ ಶುರುಮಾಡಿದರು. ಅವರ ಆಮೆ ಎರಡೇ ಹೆಜ್ಜೆಗೆ ಸುಸ್ತಾಗಿ ಬಸ್ಸು ಹತ್ತಿತು.

"ಆಮೆ ಬಸ್ ಹತ್ತಲ್ಲ" ಎಂದಳು ಬುಗುರಿ.

"ದಿನಾ ನಿಂತು ಕೆಲಸ ಮಾಡಿದ್ರೆ ಆಮೆನೂ ಹತ್ತುತ್ತೆ. ಸೀಟು ಸಿಕ್ಕಿಲ್ಲ ಪಾಪ, ನಿಂತ್ಕೊಂಡೇ ಬಂತು."

ಬುಗುರಿ ನಕ್ಕಳು. ನಕ್ಕು ಇನ್ನಷ್ಟು ಎಚ್ಚರವಾದಳು. ಆಮೇಲೆ ಹೊರಳಾಡಿದಳು, ಅಮ್ಮನ ಮುಖದ ಹತ್ತಿರ ಕೈ ತಂದಳು, ಕೈ ಹಿಂದಕ್ಕೆ ಎಳೆದುಕೊಂಡಳು, ಕೊನೆಗೆ, "ಅತ್ತೆ ಬೇಕು" ಎಂದು ಅಳತೊಡಗಿದಳು. ನನ್ನನ್ನು ಕರೆಯುವವರೆಗೆ ನಾನು ಹೋಗಲಿಲ್ಲ. ಕರೆದಾಗ ಕೈ ಒರೆಸಿಕೊಂಡು ನಿಧಾನವಾಗಿ ಹೋದೆ. ಆಮೆ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಬುಗುರಿ ಮಲಗಿಬಿಟ್ಟಳು.

ಅತ್ತಿಗೆ ಬಾಗಿಲ ಬಳಿ ಕೂತಿದ್ದರು. "ನಿನ್ನ ಕಥೇಲಿ ಏನೋ ಇದೆ ಕಣೇ" ಎಂದರು. ನನಗೆ ಆ ದಿನ ಆದಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ನಾಲ್ಕೈದು ದಿನ ಹೀಗೇ ಸೋತರು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಹೇಳಿದರು, "ಇವಳು ನನ್ನ ಹತ್ರ ಮಲಗೋದು ಕಲಿತ್ರೆ ನಿನಗೂ ಬಿಡುವು ಮರಿ. ಸಂಜೆ ತರಗತಿ ನಡೀತಾವಂತೆ, ಹೋಗಿ ಪರೀಕ್ಷೆ ಕಟ್ಟಬಹುದು." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಕೇಳಿಸಿದ್ದು ಬೇರೆ. ಮಗು ಇವರ ಪಕ್ಕದಲ್ಲಿ ಮಲಗಿದರೆ ಈ ಮನೆಯಲ್ಲಿ ನಾನು ಯಾತಕ್ಕೆ ಬೇಕು? ಅನ್ನಕ್ಕೆ ದಂಡ, ಭೂಮಿಗೆ ಭಾರ. ಮೇಲಿನ ಮನೆಯ ಅಜ್ಜಿ ಮೊದಲೇ ಒಮ್ಮೆ ಮೆಟ್ಟಿಲ ಮೇಲೆ, "ಹೆತ್ತೋಳು ಒಬ್ಬಳು, ಹೊತ್ತೋಳು ಒಬ್ಬಳು. ಕೊನೆಗೆ ಮಗು ಯಾರ ಕಡೆಗೆ ಅಂತ ನಾನೂ ನೋಡ್ತೀನಿ" ಎಂದು ನಗೆಯಾಡಿದ್ದರು. ನನಗೆ ನಗು ಬಂದಿರಲಿಲ್ಲ.

ಆ ಭಾನುವಾರ ಅತ್ತಿಗೆಗೆ ರಜೆ. ಅಣ್ಣ ಬೆಳಗಿನಿಂದ ಯಾರದೋ ಬೀರುವನ್ನು ಮೂರನೇ ಮಹಡಿಗೆ ಹೊತ್ತು ಬಂದವನು, ಉಂಡು ಬರಿ ನೆಲದ ಮೇಲೆ ಉರುಳಿದ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಅದು ಅವನಿಗೇ ಹೇಳಿದ್ದು. ನಾನೂ ಅತ್ತಿಗೆಯೂ ಹಿಂದುಗಡೆ ಬಟ್ಟೆ ಒಣಹಾಕುತ್ತಿದ್ದೆವು. ಒಳಗೆ ಬುಗುರಿಯ ಸದ್ದೇ ಇಲ್ಲ. ಸದ್ದಿಲ್ಲದ ಮಗು ಏನನ್ನೋ ಹಾಳುಮಾಡುತ್ತಿರುತ್ತದೆ ಎಂದು ಇಬ್ಬರೂ ಓಡಿಬಂದೆವು.

ಬುಗುರಿ ಅಣ್ಣನ ಎದೆಗೆ ಆತು ಮಲಗಿದ್ದಳು. ಕೈ ಅವನ ಕಿವಿಯ ಹಾಲೆಯ ಮೇಲಿತ್ತು. ಬೆರಳು ಇನ್ನೂ ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿತ್ತು. ನೋಡುತ್ತಿದ್ದ ಹಾಗೇ ಅದೂ ನಿಂತಿತು. ಕಥೆ ಇಲ್ಲ, ಆಮೆ ಇಲ್ಲ, ಸೇತುವೆ ಇಲ್ಲ. ಅಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ನಾವಿಬ್ಬರೂ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೆವು. ನನಗೆ ಅಣ್ಣನನ್ನು ಎಳೆದು ಎಬ್ಬಿಸಬೇಕು ಅನ್ನಿಸಿತು. ಅತ್ತಿಗೆಗೂ ಹಾಗೇ ಅನ್ನಿಸಿರಬೇಕು, ಏಕೆಂದರೆ ಹಲ್ಲು ಕಚ್ಚಿಕೊಂಡು, "ನೋಡು ಈ ಮನುಷ್ಯನ್ನ. ಪುಗಸಟ್ಟೆ" ಎಂದರು. ಆಮೇಲೆ ಅವರ ಕಣ್ಣು ಅಣ್ಣನ ಕಿವಿಯಿಂದ ನನ್ನ ಕಿವಿಗೆ ಬಂತು. ನನ್ನ ಕಿವಿಗೆ ಓಲೆ ಇಲ್ಲ. ಚಿಕ್ಕವಳಿದ್ದಾಗ ಚುಚ್ಚಿಸಿದ್ದು ಕೀವಾಗಿ ಮುಚ್ಚಿಹೋಯಿತು, ಮತ್ತೆ ಯಾರೂ ಚುಚ್ಚಿಸಲಿಲ್ಲ. ಅತ್ತಿಗೆ ತಮ್ಮ ಕೈಯನ್ನು ತಮ್ಮ ಕಿವಿಗೆ ಒಯ್ದು ಓಲೆಯನ್ನು ಮುಟ್ಟಿದರು. ಅದು ಕೆಂಪು ಹರಳಿನದು, ಹರಳಿನ ಸುತ್ತ ಮುಳ್ಳಿನಂಥ ಕಟ್ಟು. ಮುಟ್ಟಿದರೆ ಚುಚ್ಚುತ್ತದೆ.

ನಾನು ಇದನ್ನು ಬರೆಯಲು ಬಹಳ ಹೊತ್ತು ತೆಗೆದುಕೊಂಡೆ. ಮೂರು ವರ್ಷ ನಾನು ಒಂದು ಪದವೂ ತಪ್ಪದ ಹಾಗೆ ಹೇಳಿದ ಕಥೆಗೆ ಯಾವ ಬೆಲೆಯೂ ಇರಲಿಲ್ಲ. ಬುಗುರಿಗೆ ಬೇಕಾಗಿದ್ದದ್ದು ಬರಿಗಿವಿ, ಯಾರದ್ದಾದರೂ ಆಗುತ್ತಿತ್ತು.

ಆ ಸಂಜೆ ಅತ್ತಿಗೆ ಕನ್ನಡಿಯ ಮುಂದೆ ಕೂತು ಓಲೆ ಬಿಚ್ಚಲು ನೋಡಿದರು. ಅವರ ಅಮ್ಮ ಬದುಕಿದ್ದಾಗ ಹಾಕಿಸಿದ ಓಲೆ. ಆಮೇಲೆ ಒಂದು ದಿನವೂ ತೆಗೆದದ್ದಿಲ್ಲ. ತಿರುಪು ಕೂತುಬಿಟ್ಟಿತ್ತು. ಸೋಪು ಹಚ್ಚಿದರು, ಎಣ್ಣೆ ಬಿಟ್ಟರು. ಅವರ ಬೆರಳಿಗೆ ಆ ಸಣ್ಣ ತಿರುಪು ಸಿಕ್ಕಿತೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ.

"ನನ್ನ ಕೈಗೆ ಸಿಗ್ತಿಲ್ಲ ಮರಿ. ನೀನೇ ತಿರುಗಿಸು ಬಾ" ಎಂದರು.

ಕೂದಲನ್ನು ಒಂದು ಕಡೆಗೆ ಎತ್ತಿಹಿಡಿದು ಕತ್ತು ಬಗ್ಗಿಸಿದರು. ನಾನು ಹತ್ತಿರ ಕೂತೆ. ಕಿವಿಯ ಹಿಂದೆ ಸೋಪಿನ, ಬಿಸಿ ಬಟ್ಟೆಯ ವಾಸನೆ ಇತ್ತು. 'ಬರುತ್ತಿಲ್ಲ ಅತ್ತಿಗೆ' ಎಂದು ಎರಡೇ ಪದ ಹೇಳಿದ್ದರೆ ಸಾಕಿತ್ತು. ಅವರು ನಂಬುತ್ತಿದ್ದರು. ಬೀದಿಯ ಕೊನೆಯ ಅಕ್ಕಸಾಲಿಗನ ಅಂಗಡಿ ಭಾನುವಾರ ಮುಚ್ಚಿರುತ್ತದೆ. ನಾನು ತಿರುಪನ್ನು ಉಗುರಿನಿಂದ ಹಿಡಿದು ಸುಮ್ಮನೆ ಇದ್ದೆ.

"ಏನಾಯ್ತು?"

"ಏನಿಲ್ಲ. ನೋವಾಗುತ್ತೆ ಅಂತ."

"ಆಗ್ಲಿ ಬಿಡು. ಹೆರಿಗೆಗಿಂತ ಜಾಸ್ತಿ ಆಗಲ್ವಲ್ಲ."

ತಿರುಗಿಸಿದೆ. ಮೊದಲು ಅಲ್ಲಾಡಲಿಲ್ಲ, ಆಮೇಲೆ ಸಣ್ಣಗೆ ಕಿರ್ ಎಂದು ಸಡಿಲವಾಯಿತು. ನನಗೆ ಯಾವ ಕೆಲಸವನ್ನೂ ಅರೆಬರೆ ಮಾಡಲು ಬರುವುದಿಲ್ಲ, ಅದು ನನ್ನ ದರಿದ್ರ. ಎರಡನ್ನೂ ತೆಗೆದು, ಒರೆಸಿ, ತಿರುಪು ಕಳೆದುಹೋಗದಂತೆ ಮತ್ತೆ ಅದರದರ ಓಲೆಗೇ ಸೇರಿಸಿ ಅವರ ಅಂಗೈಯಲ್ಲಿಟ್ಟೆ. ಓಲೆ ಇಲ್ಲದ ಅತ್ತಿಗೆ ನನಗಿಂತ ಚಿಕ್ಕವರ ಹಾಗೆ ಕಂಡರು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ದೀಪ ಆರಿಸಿದರು. ನಾನು ಕೋಣೆಯ ನಡುವಿನ ಪರದೆಯ ಈಚೆ ನನ್ನ ಹಾಸಿಗೆಯಲ್ಲಿ ಕೂತೆ.

"ಅಮ್ಮಾ, ಇಲ್ಲಿ ತೂತಿದೆ" ಎಂದಳು ಬುಗುರಿ.

"ಹೂಂ. ನಿದ್ದೆ ಒಳಗೆ ಹೋಗೋ ಬಾಗಿಲು ಅದು."

"ಅತ್ತೆಗೆ ಇಲ್ಲ."

"ಅತ್ತೆದು ಮುಚ್ಚಿದೆ. ಅದಕ್ಕೇ ಅವಳು ಸರಿಯಾಗಿ ನಿದ್ದೆ ಮಾಡಲ್ಲ ನೋಡು."

ಅದು ನನಗೆ ಕೇಳಲಿ ಎಂದೇ ಹೇಳಿದ್ದು. ನಾನು ನಗಲಿಲ್ಲ. 'ಅತ್ತೆ ಬೇಕು' ಎನ್ನುವುದಕ್ಕೆ ಕಾದೆ. ಕಾಲು ನೆಲಕ್ಕೆ ಇಟ್ಟುಕೊಂಡೇ ಕಾದೆ. ಬುಗುರಿ ಏನೋ ಗುನುಗಿದಳು. ಆಮೇಲೆ ಒಂದು ನಿಡಿದಾದ ಉಸಿರು ಕೇಳಿತು. ಮಗುವಿನದಲ್ಲ, ದೊಡ್ಡವರದು. ಪರದೆ ಸರಿಸಿ ನೋಡಿದೆ. ಅತ್ತಿಗೆ ಬಟ್ಟೆಯನ್ನೂ ಬದಲಾಯಿಸದೆ ನಿದ್ದೆ ಹೋಗಿದ್ದರು. ಬುಗುರಿ ಕಣ್ಣು ಬಿಟ್ಟುಕೊಂಡು ಅವರ ಕಿವಿ ತಿರುಗಿಸುತ್ತಿದ್ದಳು. ನನ್ನನ್ನು ಕಂಡು ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟಳು.

"ಅಮ್ಮ ಮಲಗಿದೆ" ಎಂದು ಪಿಸುಗುಟ್ಟಿದಳು.

ನಾನು ಕೈ ಚಾಚಿದೆ. ಬರುತ್ತಾಳೆ ಎಂದುಕೊಂಡೆ. ಅವಳು ತಲೆಯಾಡಿಸಿ ಅಮ್ಮನ ಕಡೆಗೆ ತಿರುಗಿಕೊಂಡಳು. ನಾನು ಪರದೆ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದಾಗ ಇಬ್ಬರೂ ಮಲಗಿದ್ದರು.

ಆಮೇಲೆ ದಿನವೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಎರಡು ಸಲ ಬುಗುರಿ ದಿಂಬು ಎಳೆದುಕೊಂಡು ನನ್ನ ಹತ್ತಿರ ಬಂದಳು. ನಾನು ಸರಿದು ಜಾಗ ಕೊಟ್ಟೆ, ಅತ್ತಿಗೆ ಬೆಳಿಗ್ಗೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಲಾಂಡ್ರಿಯಲ್ಲಿ ಜೊತೆಯವರು, "ಏನಮ್ಮಾ, ಕಿವಿ ಬೋಳು? ಓಲೆ ಮಾರ್ಕೊಂಡ್ಯಾ?" ಎಂದು ಕೇಳಿದರಂತೆ. "ಓಲೆ ಮನೇಲಿದೆ, ಕಿವಿ ಬಾಡಿಗೆಗೆ ಕೊಟ್ಟಿದೀನಿ" ಎಂದರಂತೆ ಅತ್ತಿಗೆ. ಅದನ್ನು ಅಣ್ಣನಿಗೆ ಹೇಳಿ ಇಬ್ಬರೂ ನಕ್ಕರು. ಬುಗುರಿ ಈಗ ಮರಳಿನ ಗುಂಡಿಯಲ್ಲಿ ಮಲಗುವುದಿಲ್ಲ. ಆದರೆ ಸಂಜೆ ಏಳಕ್ಕೆ ಅವಳ ಅಳು ಇನ್ನೂ ನಿಂತಿಲ್ಲ. ಅವಳು ಸಂಜೆ ಬೇಗ ನನ್ನ ಪಕ್ಕಕ್ಕೆ ಬರಲಿ ಎಂದು ನಾನು ಮೊದಲಿನಿಂದಲೂ ಮಧ್ಯಾಹ್ನ ಮಲಗಿಸುತ್ತಲೇ ಇರಲಿಲ್ಲ. ಅಮ್ಮ ಬರುವವರೆಗೆ ಅವಳು ತಡೆಯಬೇಕಾದರೆ ಮಧ್ಯಾಹ್ನ ಒಂದು ನಿದ್ದೆ ಬೇಕು ಎಂದು ಟೀಚರು ಹೇಳಿದ್ದಾರೆ. ಮಧ್ಯಾಹ್ನದ ನಿದ್ದೆ ಚಿಕ್ಕದು. ರಾತ್ರಿಯದು ದೊಡ್ಡದು, ಅದು ಅತ್ತಿಗೆಗೆ ಹೋಗುತ್ತದೆ. ಇದನ್ನು ಸರಿ ಎಂದು ಬರೆಯುತ್ತಿದ್ದೇನೆ, ಆದರೆ ಸಂತೋಷದಿಂದ ಬರೆಯುತ್ತಿಲ್ಲ. ಸಂಜೆ ತರಗತಿಯ ವಿಷಯ ಅತ್ತಿಗೆ ಮತ್ತೆ ಎತ್ತಿಲ್ಲ, ನಾನೂ ಎತ್ತಿಲ್ಲ.

ನಾಳೆ ಬುಗುರಿಯನ್ನು ಶಿಶುವಿಹಾರದಿಂದ ಕರೆತಂದು, ಉಣಿಸಿ, ನನ್ನ ಪಕ್ಕದಲ್ಲಿ ಮಲಗಿಸುತ್ತೇನೆ. ಬಿಸಿಲು ಇಳಿಯುವ ಮೊದಲೇ ಎಬ್ಬಿಸುತ್ತೇನೆ. ರಾತ್ರಿ ಅತ್ತಿಗೆ ಬರುವ ಹೊತ್ತಿಗೆ ಅವರಿಬ್ಬರಿಗೆ ಹಾಸಿಗೆ ಹಾಸಿ, ಪಾತ್ರೆ ತೊಳೆಯಲು ಹೋಗುತ್ತೇನೆ.